ಚಿನ್ನಿಯ ಮುಂಗಾಲು

ದೋರನಹಳ್ಳಿ, 4 ಆಗಸ್ಟ್ 1996, ಭಾನುವಾರ

ಮಧ್ಯಾಹ್ನ ನನ್ನ ಬೆಕ್ಕು ಚಿನ್ನಿ ಮೂರು ಕಾಲಿನ ಮೇಲೆ ಕುಂಟುತ್ತ ಮನೆಗೆ ಬಂದಳು. ಬಂದದ್ದು ಗೋಡೆಯಾಚೆಯಿಂದಲೇ. ಇನ್ನೆಲ್ಲಿಂದ ಬಂದಾಳು? ಊಟಕ್ಕೆ ಇಲ್ಲಿ, ನಿದ್ದೆಗೆ ಅಲ್ಲಿ. ನನ್ನದೇನು ಖಾನಾವಳಿಯೇ?

ಬಲ ಮುಂಗಾಲಿನ ಒಂದು ಉಗುರು ಸೀಳಿ ಜೋತುಬಿದ್ದಿತ್ತು. ನೆಲದ ಮೇಲೆಲ್ಲ ರಕ್ತದ ಚುಕ್ಕೆ. ಎತ್ತಿಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಹಜರಾಬೀ ಹಿತ್ತಲ ಗೋಡೆಯ ಮೇಲಿಂದ ಇಣುಕಿದಳು.

"ಅಕ್ಕೋರ, ಶಹಜಾದಿ ಬಂತೇನ್ರಿ? ಕೌದಿ ಮ್ಯಾಲ ಮಲಗಿತ್ತರಿ. ಉಗರು ದಾರದಾಗ ಸಿಕ್ಕು, ಅಂಜಿ ಜಿಗದುಬಿಡ್ತು."

"ನಮ್ಮ ಚಿನ್ನಿ ಮನ್ಯಾಗ ಅದಾಳ," ಎಂದೆ. "ನಮ್ಮ" ಎಂಬುದನ್ನು ಒತ್ತಿ ಹೇಳಿದೆ.

ಶಹಜಾದಿಯಂತೆ! ಹೋದ ವರ್ಷ ಸುಗ್ಗಿಯಲ್ಲಿ ಕಾಲುವೆ ನೀರಿನ ಭತ್ತ ಊರು ತುಂಬಿತು, ಭತ್ತದ ಹಿಂದೆ ಇಲಿ ತುಂಬಿದವು, ಇಲಿಯ ಹಿಂದೆ ಅಂಗೈಯಷ್ಟು ಅಗಲದ ಈ ಮರಿ ಬಂತು. ಅದಕ್ಕೆ ಮೊದಲ ಬಟ್ಟಲು ಹಾಲು ಹಾಕಿದವಳು ನಾನು. ನಾನು ಶಾಲೆಗೆ ಹೋದ ಹೊತ್ತಿನಲ್ಲಿ ಅದು ಗೋಡೆ ಹಾರುವುದನ್ನು ಕಲಿಯಿತು. ಅವಳು ಅದಕ್ಕೆ ಇನ್ನೊಂದು ಹೆಸರಿಟ್ಟಳು. ಈಗ ಎರಡೂ ಹೆಸರಿಗೆ ಓಡಿ ಬರುತ್ತದೆ, ನಾಚಿಕೆಗೆಟ್ಟದ್ದು.

ಹಜರಾಬೀ ಐವತ್ತೈದರ ವಿಧವೆ. ಬಟ್ಟೆ ತುಂಡು ಜೋಡಿಸಿ ಕೌದಿ ಹೊಲಿಯುತ್ತಾಳೆ. ನಾಟಿಯ ದಿನಗಳಲ್ಲಿ ಗದ್ದೆ ಕೆಲಸಕ್ಕೆ ಹೋಗುವ ಹೆಂಗಸರು ತಮ್ಮ ಕೂಸುಗಳನ್ನು ಅವಳ ಅಂಗಳದಲ್ಲಿ ಬಿಟ್ಟು ಹೋಗುತ್ತಾರೆ. ಇರಲಿ. ಕೂಸುಗಳು ಅವಳ ಪಾಲಿಗೆ ಇರಲಿ. ಬೆಕ್ಕು ನನ್ನದು.

ನಮ್ಮೂರು ಬಳಿಚಕ್ರದಲ್ಲಿ ಕುಡುಗೋಲು ತಾಗಿದರೆ ನಮ್ಮವ್ವ ಹಚ್ಚುತ್ತಿದ್ದ ಮದ್ದನ್ನೇ ಹಚ್ಚಿದೆ. ಅರಿಶಿನಕ್ಕೆ, ಗೋಡೆಗೆ ಬಳಿದು ಉಳಿದಿದ್ದ ಸುಣ್ಣ ಬೆರೆಸಿದೆ. ಕಲಸಿದ ಕೂಡಲೇ ಕುಂಕುಮದ ಬಣ್ಣ ಬಂತು. ಬೆರಳಿನಿಂದ ದಪ್ಪಗೆ ಮೆತ್ತಿದೆ. ಚಿನ್ನಿ ಚೀರಿ ನನ್ನ ಮಣಿಕಟ್ಟು ಪರಚಿದಳು. ಉರಿಯಬೇಕು. ಉರಿದರೇನೇ ಮಾಯುವುದು ಅನ್ನುತ್ತಿದ್ದಳು ಅವ್ವ.

5 ಆಗಸ್ಟ್, ಸೋಮವಾರ

ಕಿಟಕಿ ಮುಚ್ಚಿ, ಬಾಗಿಲಿಗೆ ಕೀಲಿ ಹಾಕಿ, ಬಟ್ಟಲಲ್ಲಿ ಹಾಲಿಟ್ಟು ಶಾಲೆಗೆ ಹೋಗಿದ್ದೆ. ಬಂದು ನೋಡಿದರೆ ಹಾಲು ಇಟ್ಟ ಹಾಗೇ ಇದೆ, ಬೆಕ್ಕಿಲ್ಲ. ಅಡುಗೆಮನೆಯ ಬೆಳಕಿಂಡಿಯಿಂದ ಹೋಗಿದೆ. ಮೂರು ಕಾಲಿದ್ದಾಗಲೂ ಅಲ್ಲಿಗೆ ಹೋಗುವ ಹುಮ್ಮಸ್ಸು ನೋಡು!

ಗೋಡೆಯ ಮೇಲಿಂದ ಕಣ್ಣಾರೆ ಕಂಡೆ. ಹಜರಾಬೀ ಚಿನ್ನಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಿಸಿನೀರಿನಲ್ಲಿ ಅದರ ಪಂಜ ತೊಳೆಯುತ್ತಿದ್ದಳು. ನನ್ನ ಮದ್ದೆಲ್ಲ ಕೆಂಪು ನೀರಾಗಿ ತಟ್ಟೆಗೆ ಇಳಿಯುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಸುಮ್ಮನೆ ಮಲಗಿತ್ತು. ಪರಚುವುದಿಲ್ಲ, ಚೀರುವುದಿಲ್ಲ. ನನಗೆ ಪರಚಿದ ಗಾಯ ಇನ್ನೂ ಉರಿಯುತ್ತಿತ್ತು.

"ಯಾರು ಹೇಳಿದ್ರು ತೊಳಿಯಾಕ?" ಎಂದೆ.

"ಅಕ್ಕೋರ, ಸುಣ್ಣ ಬ್ಯಾಡ್ರಿ. ಬೆಕ್ಕಿನ ಜಾತಿ—"

"ನೀ ನನಗ ಕಲಿಸಬ್ಯಾಡ ಹಜರಾಬೀ. ಹದಿನೇಳ ವರ್ಷ ಆತು ನಾ ಮಂದಿ ಮಕ್ಕಳಿಗಿ ಕಲಿಸಾಕತ್ತು."

ಹೋಗಿ ಎತ್ತಿಕೊಂಡು ಬಂದೆ. ಅವಳು ಏನೋ ಹೇಳುತ್ತ ನಮ್ಮ ಬಾಗಿಲ ತನಕ ಬಂದಳು. ಬಾಗಿಲು ಹಾಕಿದೆ. ಮೊದಲಿಗಿಂತ ದಪ್ಪಗೆ ಮದ್ದು ಹಚ್ಚಿ, ಹಳೆ ಸೀರೆಯ ಅಂಚು ಹರಿದು ಪಟ್ಟಿ ಕಟ್ಟಿದೆ. ಹತ್ತು ನಿಮಿಷದಲ್ಲಿ ಪಟ್ಟಿ ಕಚ್ಚಿ ಬಿಚ್ಚಿ, ಕೂತು ಪಂಜ ನೆಕ್ಕುತ್ತಿದ್ದಾಳೆ.

7 ಆಗಸ್ಟ್, ಬುಧವಾರ

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮದ್ದು. ಚಿನ್ನಿ ನನ್ನ ಹಾಲು ಮೂಸಿ ನೋಡಿ ತಿರುಗಿ ಕೂಡುತ್ತಾಳೆ. ಅಲ್ಲಿ ಹೊಟ್ಟೆ ತುಂಬಿರಬೇಕು.

9 ಆಗಸ್ಟ್, ಶುಕ್ರವಾರ

ಇವತ್ತು ಹಿತ್ತಲಲ್ಲಿ ಬಟ್ಟೆ ಒಣಹಾಕುವ ನೆಪದಲ್ಲಿ ಅರ್ಧ ಗಂಟೆ ನಿಂತೆ. ಇದನ್ನು ಇನ್ನೊಬ್ಬರ ಮುಂದೆ ಹೇಳಲಾರೆ. ಒಣಹಾಕಿದ್ದು ಎರಡು ರವಿಕೆ.

ಆಚೆ ಅಂಗಳದಲ್ಲಿ ನಾಲ್ಕು ಕೂಸು. ಲಾಲಮ್ಮನ ಒಂಬತ್ತು ತಿಂಗಳ ಮೋನಿ ಅಂಬೆಗಾಲಿಡುತ್ತ ದಾರದ ಉಂಡೆಯ ಹಿಂದೆ ಹೋಗುತ್ತಿತ್ತು. ಹಜರಾಬೀ ಬೆರಳು ತಣ್ಣನೆ ಹಾಲಿನಲ್ಲಿ ಅದ್ದಿ ಅದ್ದಿ ಚಿನ್ನಿಯ ಬಾಯಿಗೆ ಇಡುತ್ತಿದ್ದಳು. ಚಿನ್ನಿ ಆ ಬೆರಳನ್ನು ನೆಕ್ಕುತ್ತಿತ್ತು. ನಾನು ಇಡುವುದು ಗಟ್ಟಿ ಎಮ್ಮೆ ಹಾಲು, ಅವಳದು ಅರ್ಧ ನೀರು. ಆದರೂ ಅಲ್ಲೇ ರುಚಿ.

ಹೊಟ್ಟೆ ಉರಿಯಿತು. ಉರಿಯಿತು ಎಂದೇ ಬರೆಯುತ್ತೇನೆ, ಇಲ್ಲಿ ಯಾರಿಗೆ ಹೆದರಬೇಕು? ಆ ಹೆಂಗಸು ಕೈ ಚಾಚಿದರೆ ಕೂಸು ಬರುತ್ತದೆ, ಕೋಳಿ ಬರುತ್ತದೆ, ಬೆಕ್ಕು ಬರುತ್ತದೆ. ನನ್ನ ಬಾಗಿಲಿಗೆ ಬರುವವನು ಟಪಾಲಿನವನೊಬ್ಬ. ಇಬ್ಬರು ತಮ್ಮಂದಿರನ್ನು ಓದಿಸಿದೆ, ಮದುವೆ ಮಾಡಿದೆ. ನನ್ನ ಮದುವೆಯ ಮಾತು ಎತ್ತುವುದನ್ನು ಎಲ್ಲರೂ ಮರೆತರು, ಕೊನೆಗೆ ನಾನೂ ಮರೆತೆ. ಬಳಿಚಕ್ರದ ಹೊಲ ಇಂದಿಗೂ ಮುಗಿಲು ನೋಡುತ್ತದೆ. ಇಲ್ಲಿಯವರಿಗೆ ತೂಬು ಎತ್ತಿದರೆ ನೀರು. ಕೆಲವರ ಹಣೆಬರಹಕ್ಕೆ ಕಾಲುವೆ ತಾನಾಗಿ ಹರಿದು ಬರುತ್ತದೆ.

ಒಂದು ಬೆಕ್ಕು ಕೇಳಿದ್ದೆ ನಾನು. ಒಂದೇ.

11 ಆಗಸ್ಟ್, ಭಾನುವಾರ

ಈಗ ಗೊತ್ತಾಯಿತು!

ಬೆಳಿಗ್ಗೆ ನೋಡಿದರೆ ಚಿನ್ನಿಯ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ತುಟಿಯ ಅಂಚಿಗೆ, ಗದ್ದದ ಬಿಳಿ ಕೂದಲಿಗೆ ಕೆಂಪು ಹತ್ತಿತ್ತು. ರಕ್ತವೆಂದು ಹೆದರಿ ಒರೆಸಿದೆ. ರಕ್ತವಲ್ಲ, ಬಣ್ಣ. ಆಚೆ ಮನೆಯಲ್ಲಿ ಮೂರು ಹೊತ್ತೂ ಎಲೆ ಅಡಿಕೆ ಹಾಕಿ ಬಾಯಿ ಕೆಂಪು ಮಾಡಿಕೊಂಡು ಕೂಡುವವಳು ಯಾರು? ಆ ಬೆರಳನ್ನೇ ಹಾಲಿಗೆ ಅದ್ದಿ ಬೆಕ್ಕಿನ ಬಾಯಿಗೆ ಇಡುತ್ತಾಳೆ. ತಂಬಾಕು ಗಿಂಬಾಕು ಏನೇನು ಹತ್ತಿರುತ್ತದೋ.

ನಳದ ಹತ್ತಿರ ಹೇಳಿಬಿಟ್ಟೆ. ಎಂಟು ಹತ್ತು ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು, ಲಾಲಮ್ಮನೂ ಇದ್ದಳು.

"ಹಜರಾಬೀ ನಮ್ಮ ಬೆಕ್ಕಿಗಿ ಏನೋ ತಿನಿಸ್ಯಾಳ. ಬಾಯಿ ಹುಣ್ಣಾಗಿ ಜೊಲ್ಲ ಸುರ್ಯಾಕತ್ತಾದ."

"ಖರೇನ್ರಿ ಅಕ್ಕೋರ?" ಎಂದಳು ಲಾಲಮ್ಮ. ಅವಳ ಕಂಕುಳಲ್ಲಿ ಮೋನಿ ಇತ್ತು. "ನಮ್ಮ ಕೂಸಿಗೂ ಅದೇ ಕೈಲೆ ಹಾಲ ಕುಡಸ್ತಾಳ್ರಿ."

"ನಾ ನೋಡಿದ್ದ ಹೇಳೀನಿ. ಮುಂದಿಂದು ನಿಮಗ ಬಿಟ್ಟಿದ್ದು," ಎಂದೆ.

ಸುಳ್ಳೇನಲ್ಲ. ನೋಡಿದ್ದನ್ನೇ ಹೇಳಿದ್ದೇನೆ.

12 ಆಗಸ್ಟ್, ಸೋಮವಾರ

ಬೆಳಕಿಂಡಿಗೆ ಇಟ್ಟಿಗೆ ಇಟ್ಟು ಮುಚ್ಚಿದೆ. ಚಿನ್ನಿ ಇಡೀ ದಿನ ಮನೆಯೊಳಗೇ ಇದ್ದಳು. ಸಂಜೆ ಬಂದಾಗ ನನ್ನ ಟ್ರಂಕಿನ ಹಿಂದೆ ಮುದುಡಿ ಕೂತಿದ್ದಳು. ಗೆದ್ದೆ.

ಆಚೆ ಅಂಗಳದಲ್ಲಿ ಇವತ್ತು ಸದ್ದಿರಲಿಲ್ಲ. ಲಾಲಮ್ಮ ಕೂಸನ್ನು ಗದ್ದೆಗೇ ಒಯ್ದಳಂತೆ. ಉಳಿದವರೂ ಬಿಡಲಿಲ್ಲವಂತೆ. ಹಜರಾಬೀ ಒಬ್ಬಳೇ ಕೂತು ಕೌದಿ ಹೊಲಿಯುತ್ತಿದ್ದಳು. ಒಬ್ಬಳೇ ಕೂಡುವುದು ಹೇಗಿರುತ್ತದೆಂದು ಅವಳಿಗೂ ಒಂದು ದಿನ ತಿಳಿಯಲಿ.

14 ಆಗಸ್ಟ್, ಬುಧವಾರ

ಎರಡು ದಿನದಿಂದ ಚಿನ್ನಿ ಹನಿ ಹಾಲು ಮುಟ್ಟಿಲ್ಲ. ಆಚೆ ಮನೆಯ ದಾರಿ ಮುಚ್ಚಿದ ಮೇಲೂ ಬಾಯಿ ವಾಸಿಯಾಗುತ್ತಿಲ್ಲ. ವಿಷ ಒಳಗೆ ಇಳಿದಿರಬೇಕು. ಹಸಿದರೂ ತಿನ್ನುವುದಿಲ್ಲ, ಬಟ್ಟಲಿನ ಮುಂದೆ ಕೂತು ಬಾಯಿ ತೆರೆದು ಮುಚ್ಚುತ್ತಾಳೆ. ನಾಲಿಗೆ ಬೆಳ್ಳಗಾಗಿದೆ. ಕಾಲಿನ ಮದ್ದು ಮಾತ್ರ ತಪ್ಪಿಸಿಲ್ಲ. ಹಚ್ಚಲು ಹೋದರೆ ಈಗ ಪರಚುವ ಶಕ್ತಿಯೂ ಇಲ್ಲ, ಸುಮ್ಮನೆ ನನ್ನ ಮುಖ ನೋಡುತ್ತಾಳೆ. ಆ ನೋಟಕ್ಕಿಂತ ಪರಚಿದ್ದೇ ಮೇಲಾಗಿತ್ತು.

ಸಂಜೆ ಹಜರಾಬೀ ಗೋಡೆಯ ಹತ್ತಿರ ಬಂದಳು. "ಅಕ್ಕೋರ, ನಿಮ್ಮ ಕೈ ಮುಗಿತೀನ್ರಿ, ಒಂದ್ ಸಲ ನೋಡ್ತೀನಿ. ಉಳಸ್ಕೋಳೂಣು."

ಹಿತ್ತಲ ಬಾಗಿಲು ಹಾಕಿಕೊಂಡೆ. ಚಿನ್ನಿ ಅವಳ ದನಿ ಕೇಳಿ ಟ್ರಂಕಿನ ಹಿಂದಿನಿಂದ ತಲೆ ಎತ್ತಿತು. ಏಳಲು ನೋಡಿತು. ಅದನ್ನು ಕಂಡ ಮೇಲಂತೂ ಅಗುಳಿಯನ್ನೂ ಹಾಕಿದೆ.

ಚಿನ್ನಿ ನೆಟ್ಟಗಾದರೆ ಅಬ್ಬೆತುಮಕೂರಿನ ಮಠಕ್ಕೆ ನಡೆದೇ ಹೋಗಿ ಕಾಯಿ ಒಡೆಸುತ್ತೇನೆ.

15 ಆಗಸ್ಟ್, ಗುರುವಾರ

ಧ್ವಜ ಏರಿಸಿ, ಮಕ್ಕಳಿಗೆ ಪೆಪ್ಪರಮೆಂಟು ಹಂಚಿ ಮನೆಗೆ ಬರುವಾಗ ಓಣಿಯಲ್ಲಿ ಗುಂಪು ಕೂಡಿತ್ತು. ಲಾಲಮ್ಮ ಕೂಸನ್ನು ಗದ್ದೆಯ ಬದುವಿನ ಮೇಲೆ ಅರಿವೆ ಹಾಸಿ ಮಲಗಿಸಿ ನಾಟಿಗೆ ಇಳಿದಿದ್ದಳಂತೆ. ಕೂಸು ಎಚ್ಚರಾಗಿ, ಹರಿದಾಡಿ, ಬದುವಿನ ಮಗ್ಗುಲ ಕಾಲುವೆಗೆ ಉರುಳಿತಂತೆ. ನೀರು ಕಡಿಮೆ ಇತ್ತು. ಮಗ್ಗುಲ ಸಾಲಿನಲ್ಲಿದ್ದ ಹೆಂಗಸು ಕಾಲು ಹಿಡಿದು ಎಳೆದುಕೊಂಡಳಂತೆ. ಬಾಯಿ ಮೂಗು ತುಂಬ ಕೆಸರು. ಉಳಿದಿದೆ, ಕೆಮ್ಮುತ್ತಿದೆ.

ಲಾಲಮ್ಮ ಎಚ್ಚರ ಇರಬೇಕಿತ್ತು. ಕೂಸನ್ನು ಯಾರಾದರೂ ನೀರಿನ ಮಗ್ಗುಲಿಗೆ ಮಲಗಿಸುತ್ತಾರೆಯೇ? ಅದೇ ನಾಲ್ಕು ಮಾತನ್ನು ಬೆಳಗಿನಿಂದ ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡೆನೋ. ಪೆಪ್ಪರಮೆಂಟಿನ ಪೊಟ್ಟಣದಲ್ಲಿ ಒಂದು ಉಳಿದಿತ್ತು. ಅದನ್ನು ಯಾರಿಗೂ ಕೊಡಲಿಲ್ಲ, ತಿನ್ನಲೂ ಇಲ್ಲ.

16 ಆಗಸ್ಟ್, ಶುಕ್ರವಾರ

ಚಿನ್ನಿಯನ್ನು ಶಹಾಪುರದ ದನದ ದವಾಖಾನೆಗೆ ತೋರಿಸಿಕೊಂಡು ಬಂದೆ. ಬರೆಯಲು ಆಗುವುದಿಲ್ಲ.

17 ಆಗಸ್ಟ್, ಶನಿವಾರ

ಬರೆಯಲೇಬೇಕು. ಮಕ್ಕಳು ತಪ್ಪು ಮಾಡಿದರೆ ಹತ್ತು ಸಲ ಬರೆಸುತ್ತೇನೆ. ನಾನು ಒಮ್ಮೆಯಾದರೂ ಬರೆಯುತ್ತೇನೆ.

ನಿನ್ನೆ ರಜೆ ಹಾಕಿ, ರೊಟ್ಟಿಯ ಬುಟ್ಟಿಯಲ್ಲಿ ಅರಿವೆ ಹಾಸಿ, ಚಿನ್ನಿಯನ್ನು ಮಲಗಿಸಿ, ಮೇಲೊಂದು ಅರಿವೆ ಕಟ್ಟಿ ಬಸ್ಸು ಹತ್ತಿದೆ. ದವಾಖಾನೆಯಲ್ಲಿ ಡಾಕ್ಟರು ಇರಲಿಲ್ಲ. ಕಂಪೌಂಡರ್ ದ್ಯಾವಪ್ಪ ಒಂದು ಎತ್ತಿನ ಬಾಯೊಳಗೆ ಮೊಣಕೈ ತನಕ ಕೈ ಹಾಕಿಕೊಂಡು ನಿಂತಿದ್ದ.

"ಎಮ್ಮಿ ಎಲ್ಲಿ ಕಟ್ಟೀರಿ ಅಕ್ಕೋರ?" ಎಂದ.

ಬುಟ್ಟಿ ತೋರಿಸಿದೆ. ನಕ್ಕ. "ಬೆಕ್ಕಿಗಿ ಚೀಟಿ ಮಾಡಸ್ದವ್ರು ನೀವೇ ಮೊದಲ್ನೇದವ್ರು ನೋಡ್ರಿ."

ನಕ್ಕರೂ ಚೆನ್ನಾಗಿ ನೋಡಿದ. ಅರಿವೆಯಿಂದ ಸುತ್ತಿ ಹಿಡಿದು, ಬಾಯಿ ಅಗಲಿಸಿ, ಬಿಸಿಲಿಗೆ ತಿರುಗಿಸಿದ. ನಗು ನಿಂತಿತು.

"ನಾಲಗಿ ಸುಟ್ಟಾದ್ರಿ. ಇದು ಸುಣ್ಣದ ಸುಡು. ಸುಣ್ಣ ನೆಕ್ಕ್ಯಾದ ಇದು."

ಆ ಗಳಿಗೆ ನನಗೆ ಆದದ್ದು ದುಃಖವಲ್ಲ, ಖುಷಿ. ಅದನ್ನು ಮುಚ್ಚಿಡುವುದಿಲ್ಲ. "ನಾ ಹೇಳಿದ್ದಿಲ್ಲೇನು! ಬಾಜೂ ಮನ್ಯಾಗ ಎಲಿ ಅಡಿಕಿ ತಿನ್ನಾಕಿ ಒಬ್ಬಾಕಿ ಅದಾಳ್ರಿ. ಆಕಿ ಬೆರಳ ಸುಣ್ಣ ಇದು," ಎಂದೆ. ದನಿ ಎತ್ತಿಯೇ ಹೇಳಿದೆ. ಎತ್ತಿನ ಮಾಲೀಕನೂ ತಿರುಗಿ ನೋಡಿದ.

ದ್ಯಾವಪ್ಪ ಚಿನ್ನಿಯ ಮುಂಗಾಲು ಎತ್ತಿದ. ಅಂದು ಬೆಳಿಗ್ಗೆಯೇ ಹಚ್ಚಿದ್ದ ಮದ್ದು ಅದರ ಮೇಲೆ ಕೆಂಪಗೆ ಒಣಗಿತ್ತು. ಉಗುರಿನಿಂದ ಒಂದು ಚೂರು ಕೆರೆದು ನನ್ನ ಅಂಗೈಗೆ ಹಾಕಿದ.

"ಇದ್ಯಾರು ಹಚ್ಯಾರ್ರಿ?"

"ನಾನೇ. ಅರಿಷಿಣ, ಸುಣ್ಣ. ನಮ್ಮವ್ವ..."

"ಮನಷ್ಯಾರಿಗಿ ಹಚ್ಚೋದರಿ ಅದು. ಮನಷ್ಯಾರು ಗಾಯ ನೆಕ್ಕಂಗಿಲ್ಲ. ಬೆಕ್ಕಿಗಿ ನಾಲಗೀನೇ ದವಾ. ನೀವ್ ಹಚ್ಚೂದು, ಇದು ನೆಕ್ಕೂದು. ಎಟ್ ದಿನಾ ಹಚ್ಚೀರಿ?"

"ಹನ್ನೆರಡು," ಎಂದೆ. "ದಿನಕ್ಕ ಎರಡು ಸಲ."

ದ್ಯಾವಪ್ಪ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಮನಸ್ಸು ಹಗುರಾಗುತ್ತಿತ್ತು. ಪಂಜ ತೊಳೆದ, ಸೀಳಿದ ಉಗುರಿನ ತುದಿಯನ್ನು ಸಣ್ಣ ಕತ್ತರಿಯಿಂದ ಕತ್ತರಿಸಿದ. ಬುಡ ಗಟ್ಟಿ ಇದೆ, ಮತ್ತೆ ಬರುತ್ತದೆ ಎಂದ. ಸೂಜಿ ಚುಚ್ಚಿದ. "ಉಪ್ಪಿನ ನೀರ್ಲೆ ತೊಳೀರಿ, ಏನೂ ಹಚ್ಚಬ್ಯಾಡ್ರಿ. ತಣ್ಣನ ಹಾಲಿಗಿ ನೀರ್ ಹಾಕಿ, ಬೆರಳ ತುದೀಲೆ ನೆಕ್ಕಸ್ರಿ. ಎರಡ ದಿನದಾಗ ತಿಂದ್ರ ಉಳೀತದ. ತಿನ್ನಲಿಲ್ಲಂದ್ರ..." ಎಂದು ಎತ್ತಿನ ಕಡೆ ತಿರುಗಿದ.

ಬೆರಳು ತಣ್ಣನೆ ಹಾಲಿನಲ್ಲಿ ಅದ್ದಿ, ಅರ್ಧ ನೀರು ಬೆರೆಸಿ. ಅದನ್ನು ನಾನು ಗೋಡೆಯ ಮೇಲಿಂದ ನೋಡಿದ್ದೆ.

ನಿನ್ನೆ ಸಂಜೆಯಿಂದ ಪ್ರಯತ್ನಿಸುತ್ತಿದ್ದೇನೆ. ಸೀಗೆಕಾಯಿ ಹಾಕಿ ನಾಲ್ಕು ಸಲ ಕೈ ತಿಕ್ಕಿ ತೊಳೆದೆ. ಆದರೂ ನನ್ನ ಬೆರಳು ಹತ್ತಿರ ಬಂದರೆ ಚಿನ್ನಿ ಹಿಂದೆ ಸರಿದು ಗೋಡೆಗೆ ಒತ್ತಿಕೊಳ್ಳುತ್ತಾಳೆ. ಒಂದು ಹನಿಯೂ ಇಳಿದಿಲ್ಲ. ಅವಳ ಲೆಕ್ಕದಲ್ಲಿ ಈ ಕೈ ಉರಿ ಕೊಡುವ ಕೈ.

18 ಆಗಸ್ಟ್, ಭಾನುವಾರ

ಬೆಳಗಾಗುತ್ತಲೇ ಬುಟ್ಟಿ ಹಿಡಿದು ಹಜರಾಬೀ ಬಾಗಿಲಲ್ಲಿ ನಿಂತೆ. ಈ ಊರಿಗೆ ವರ್ಗವಾಗಿ ಬಂದ ಎರಡು ವರ್ಷದಲ್ಲಿ ಮುಂಬಾಗಿಲಿನಿಂದ ಆ ಮನೆಗೆ ಹೋದದ್ದು ಇದೇ ಮೊದಲು.

ಏನೇನು ಹೇಳಬೇಕೆಂದು ಜೋಡಿಸಿಕೊಂಡು ಹೋಗಿದ್ದೆ. ಒಂದೂ ಬಾಯಿಗೆ ಬರಲಿಲ್ಲ. "ತಿನ್ನಲೊಲ್ಲಳ್ರಿ," ಎಂದೆ.

ಅವರು ಬುಟ್ಟಿ ಇಸಕೊಂಡರು. ಕೂತು, ತೊಡೆಯ ಮೇಲೆ ಮಲಗಿಸಿಕೊಂಡು, ಹಾಲಿಗೆ ನೀರು ಬೆರೆಸಿ ಬೆರಳು ಅದ್ದಿದರು. "ಬಾ ಬೇಟಿ, ಶಹಜಾದಿ, ಬಾ." ಮೊದಲ ಸಲ ಮುಖ ತಿರುಗಿಸಿದಳು. ಎರಡನೆಯ ಸಲವೂ. ಆರನೆಯದೋ ಏಳನೆಯದೋ ಸಲ ನಾಲಿಗೆ ಹೊರಗೆ ಬಂತು. ನಾನು ಗೋಡೆಗೆ ಒರಗಿ ಕೂತು ಅತ್ತೆ. ಖುಷಿಗೆ ಅತ್ತೆ ಎಂದು ಬರೆಯಲು ಕೈ ಹೋಗುತ್ತಿದೆ. ಅರ್ಧ ಖುಷಿ. ಇನ್ನರ್ಧ ಅದು ನನ್ನ ಬೆರಳಲ್ಲವಲ್ಲ ಎಂದು.

ಆಮೇಲೆ ಹೇಳಿದೆ. ಸುಣ್ಣ, ದ್ಯಾವಪ್ಪ, ಎಲ್ಲ.

"ಗೊತ್ತದರಿ," ಎಂದರು. "ಮೊದಲ್ನೇ ದಿನಾನೇ ಗೊತ್ತಿತ್ತು. ದಿನಾ ತೊಳದ್ ಕಳಸ್ತಿದ್ದೆ. ಹೇಳಾಕ ಬಂದ್ರ ನೀವ್ ಬಾಗಲಾ ಹಾಕ್ಕೊಂಡ್ರಿ."

"ಮತ್ತ ಓಣ್ಯಾಗ ಯಾಕ ಹೇಳಲಿಲ್ಲ? ನಾ ನಳದ ಹಂತ್ಯಾಕ ಅಂದಾಗ?"

"ಯಾರಿಗಿ ಹೇಳ್ಲಿ? ನೀವ್ ಸಾಲಿ ಅಕ್ಕೋರು. ನನ್ ಮಾತು ಹೊಸ್ತಲ ದಾಟೂದ್ರಾಗ ನಿಮ್ ಮಾತು ಊರ ಅಗಸಿ ಬಾಗಲಾ ತನಾ ಹೋಗಿತ್ತು."

ಮೂಲೆಯಲ್ಲಿ ಕೌದಿ ಮಡಿಸಿಟ್ಟಿತ್ತು. ಸುರಪುರದವರ ಮದುವೆಗೆ ಹೊಲಿಯುತ್ತಿರುವುದು, ಎರಡು ತಿಂಗಳ ಕೆಲಸ. ಮೇಲಿನ ಮಡಿಕೆಯಲ್ಲಿ ಅಂಗೈಯಗಲ ತೂತು, ಅದರ ಮೇಲೆ ಹೊಸ ಹಸಿರು ತುಂಡು ಅರ್ಧ ಹೊಲಿದಿತ್ತು. ಇಲಿ ಕಡಿಯಿತೇ ಎಂದು ಕೇಳಿದೆ.

"ಇಲ್ರಿ. ಉಗರು ಸಿಕ್ಕಾಗ ಬೆಕ್ಕ ಜೋತಾಡಾಕತ್ತಿತ್ತು. ಎಳದ್ರ ಉಗರೇ ಕಿತ್ತ್ ಬರ್ತಿತ್ತು. ಅದಕ್ಕ ಕೌದೀನೇ ಕತ್ತರಿಸಿದೆ."

ಎರಡು ತಿಂಗಳ ಕೆಲಸಕ್ಕೆ ಕತ್ತರಿ ಹಾಕಿದವರ ಬಗ್ಗೆ ನಾನು ಹೇಳಿದ್ದೇನು! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯನ್ನು ಹದಿನೇಳು ವರ್ಷದಿಂದ ಕರಿಹಲಗೆಯ ಮೇಲೆ ಬರೆಯುತ್ತಿದ್ದೇನೆ.

"ತಪ್ಪಾಯ್ತು," ಎಂದೆ.

ಅವರು ಬೆಕ್ಕಿನ ಗದ್ದ ಒರೆಸುತ್ತ, ನನ್ನ ಕಡೆ ನೋಡದೆ ಹೇಳಿದರು: "ಬೆಕ್ಕಿಂದು ಬಿಡ್ರಿ, ಅದು ಮಾತಾಡಂಗಿಲ್ಲ. ಕೂಸಿಂದು ನೋಡ್ರಿ. ಲಾಲಮ್ಮ ಇವತ್ತೂ ಬದುವಿಗೇ ಒಯ್ದಾಳ. ನಳದಾಗ ಹೇಳಿದ್ದು ನಳದಾಗೇ ಹೋಗಿ ತೆಗೀರಿ."

20 ಆಗಸ್ಟ್, ಮಂಗಳವಾರ

ನಿನ್ನೆ ನಳಕ್ಕೆ ಹೋದೆ. ಕೊಡ ತುಂಬಿತು, ಬಂದೆ. ಇವತ್ತೂ ಹೋದೆ. ಕೊಡ ತುಂಬಿತು, ಬಂದೆ. ಬಾಯಿ ಬಿಡಲು ಆಗಲಿಲ್ಲ. ಒಂಟಿ ಹೆಂಗಸಿಗೆ ಊರಲ್ಲಿ ಇರುವುದು "ಅಕ್ಕೋರು ಹೇಳಿದ್ರು" ಎಂಬ ಒಂದು ಮಾತು. ಅದನ್ನು ನಾನೇ ಕಲ್ಲಿಗೆ ಕುಕ್ಕಬೇಕು.

ನಾಗರ ಪಂಚಮಿ ಮುಗಿಯಿತು. ತಮ್ಮಂದಿರು ಕರೆಯಲು ಬರಲಿಲ್ಲ. ಎಳ್ಳಿನ ಉಂಡಿ ಮಾಡಿದ್ದೆ. ಆರು ಉಂಡಿ ಆಚೆ ಮನೆಗೆ ಕೊಟ್ಟೆ. ಬೆಕ್ಕು ಅಲ್ಲೇ ಇದೆ, ಅನ್ನ ಕಲಸಿದರೆ ತಿನ್ನುತ್ತಿದೆಯಂತೆ. ನೋಡಿ ಬಂದೆ. ನನ್ನನ್ನು ಕಂಡು ಹಜರಾಬೀ ಅವರ ಸೆರಗಿನ ಹಿಂದೆ ಹೋಯಿತು.

23 ಆಗಸ್ಟ್, ಶುಕ್ರವಾರ

ಹೇಳಿದೆ.

ಇವತ್ತು ನಳ ತಡವಾಗಿ ಬಂತು, ಸಾಲು ಉದ್ದ ಇತ್ತು. ಕೊಡ ಕೆಳಗಿಟ್ಟೆ. ತರಗತಿಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದೆ, ಇಲ್ಲದಿದ್ದರೆ ದನಿ ಹೊರಡುತ್ತಿರಲಿಲ್ಲ.

"ಕೇಳ್ರೆವಾ ಎಲ್ಲಾರೂ. ನಮ್ಮ ಬೆಕ್ಕಿನ ಬಾಯಿ ಸುಟ್ಟಾಕಿ ಹಜರಾಬೀ ಅಲ್ಲ. ನಾನು. ಕಾಲಿಗಿ ಸುಣ್ಣಾ ಹಚ್ಚೀನಿ, ಅದು ನೆಕ್ಕ್ಯಾದ. ಶಹಾಪುರದ ದವಾಖಾನ್ಯಾಗ ಹೇಳ್ಯಾರ. ಹಜರಾಬೀ ಅದನ್ನ ಬದಕಸ್ಯಾರ. ನಾ ಹೊಟ್ಟಿಕಿಚ್ಚಿಗಿ ಅವರ ಮ್ಯಾಲ ಹೇಳಿದೆ."

ಕೊನೆಯ ಮಾತು ಹೇಳಬೇಕೆಂದು ಇರಲಿಲ್ಲ, ಬಂದುಬಿಟ್ಟಿತು. ಹಿಂದಿನಿಂದ ಯಾರೋ, "ಬೆಕ್ಕಿಗಿ ಹೊಟ್ಟಿಕಿಚ್ಚೇನ್ರಿ ಅಕ್ಕೋರ!" ಎಂದು ನಕ್ಕರು. ಸಾಲೆಲ್ಲ ನಕ್ಕಿತು.

ಲಾಲಮ್ಮ ನಗಲಿಲ್ಲ. ಕೂಸನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿದಳು.

"ನನ್ ಕೂಸು ಕೆಸರ ನುಂಗಾಕತ್ತಾಗ ನೀವ್ ಝಂಡಾ ಏರಸಾಕತ್ತಿದ್ರಿ," ಎಂದಳು. ಅಷ್ಟೇ. ಅರ್ಧ ತುಂಬಿದ ಕೊಡ ಅಲ್ಲೇ ಬಿಟ್ಟು, ಮೋನಿಯನ್ನು ಎತ್ತಿಕೊಂಡು ನೆಟ್ಟಗೆ ಹಜರಾಬೀ ಮನೆಯ ಕಡೆ ನಡೆದಳು.

ಅವಳ ಕೊಡ ತುಂಬಿಸಿ, ಹೊತ್ತು ತಂದು ಅವಳ ಕಟ್ಟೆಯ ಮೇಲೆ ಇಟ್ಟು ಬಂದೆ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವ ಮನಸ್ಸಾಗಲಿಲ್ಲ. ಹಿತ್ತಲಿಗೆ ಹೋದಾಗ ಆಚೆಯಿಂದ ಕೂಸಿನ ಕೇಕೆ ಕೇಳಿತು. ಬಟ್ಟೆ ಒಣಹಾಕದೆಯೇ ನಿಂತು ಕೇಳಿದೆ.

1 ಸೆಪ್ಟೆಂಬರ್, ಭಾನುವಾರ

ಒಂಬತ್ತು ದಿನ ಬರೆದಿಲ್ಲ. ಸಂಜೆ ಹೊತ್ತು ಕೌದಿಯ ಅಂಚು ಹೊಲಿಯಲು ಕೂಡುತ್ತಿದ್ದೆ. ನನ್ನ ಟಾಕು ಸೊಟ್ಟಗಿದೆ ಎಂದು ಹಜರಾಬೀ ಆಪಾ ಎರಡು ಸಲ ಬಿಚ್ಚಿಸಿದರು. ನಾನು ಮಕ್ಕಳಿಗೆ ಅಷ್ಟು ಬಿಗಿ ಇಲ್ಲ.

ಇವತ್ತು ಬೆಳಿಗ್ಗೆ ಅವರು ಕೌದಿ ಕೊಡಲು ಸುರಪುರದ ಬಸ್ಸು ಹತ್ತಿದರು. "ಮನಿ ನೋಡ್ಕೋರಿ, ಬೆಕ್ಕಿಗಿ ಅನ್ನಾ ಹಾಕ್ರಿ, ಕೂಸಿನವ್ರು ಬಂದ್ರ ನಾಳಿ ಬರ್ರಿ ಅಂತ ಹೇಳ್ರಿ," ಎಂದು ಕೀಲಿ ನನ್ನ ಕೈಗೆ ಕೊಟ್ಟರು. ದುಡ್ಡಿಡುವ ಪೆಟ್ಟಿಗೆಯ ಕೀಲಿಯೂ ಅದೇ ಗೊಂಚಲಲ್ಲಿತ್ತು. ಎಂಥ ಧೈರ್ಯ.

ಅವರ ಅಂಗಳದಲ್ಲಿ ಕೂತಿದ್ದೆ. ಬೆಕ್ಕು ಹೊಸ್ತಿಲ ಮೇಲೆ, ನನ್ನಿಂದ ಎರಡು ಮಾರು ದೂರ. ಹದಿನೈದು ದಿನದಿಂದ ಅದೇ ಅಳತೆ, ಒಂದು ಬೆರಳೂ ಹತ್ತಿರ ಬಂದಿಲ್ಲ. ನಾನೂ ಕರೆಯುವುದನ್ನು ಬಿಟ್ಟಿದ್ದೇನೆ.

ಲಾಲಮ್ಮ ಬಂದಳು. ಸೀರೆ ಮೊಳಕಾಲಿಗೆ ಎತ್ತಿ ಕಟ್ಟಿ ಕೆಲಸಕ್ಕೆ ತಯಾರಾಗಿದ್ದಳು, ಕಂಕುಳಲ್ಲಿ ಮೋನಿ.

"ಆಪಾ ಇಲ್ಲೇನು?"

"ಸುರಪುರಕ್ಕ ಹೋಗ್ಯಾರ. ಸಂಜಿಕ್ಕ ಬರ್ತಾರ. ನಾಳಿ ಬರಬೇಕಂತ," ಎಂದೆ.

ಅವಳು ಹೋಗಲಿಲ್ಲ. ದಾರಿಯ ಕಡೆ ನೋಡಿದಳು. ಗದ್ದೆ ಕೆಲಸದ ಗುಂಪಿನವರು ಆಗಲೇ ಓಣಿಯ ತಿರುವು ದಾಟುತ್ತಿದ್ದರು. ನನ್ನ ಕೈ ನೋಡಿದಳು. ಮುಖವನ್ನಲ್ಲ, ಕೈಯನ್ನೇ ನೋಡಿದಳು. ನಾನು ಕೈ ಚಾಚಲಿಲ್ಲ. ಚಾಚುವ ಹಕ್ಕು ನನಗಿರಲಿಲ್ಲ.

ಅವಳೇ ಬಗ್ಗಿ ಮೋನಿಯನ್ನು ನನ್ನ ತೊಡೆಯ ಮೇಲೆ ಕೂಡಿಸಿದಳು. "ಹತ್ ಗಂಟೇಕ ಹಾಲ. ತಣ್ಣಂದು. ಮದ್ದಗಿದ್ದ ಏನೂ ಹಚ್ಚಬ್ಯಾಡ್ರಿ ಮತ್ತ," ಎಂದು, ಒಮ್ಮೆಯೂ ನಗದೆ, ಓಡಿದಳು.

ಸಂಜೆ ಐದರ ತನಕ ಕೂಸು ನನ್ನ ಹತ್ತಿರ ಇತ್ತು. ಹಾಲು ಕುಡಿಯಿತು, ನನ್ನ ಕನ್ನಡಕ ಎಳೆಯಿತು, ತೊಡೆ ತೋಯಿಸಿತು. ತೋಯ್ದ ಸೀರೆಯಲ್ಲೇ ಕೂತಿದ್ದೆ. ಎದ್ದರೆ ನಿದ್ದೆ ಕೆಡುತ್ತಿತ್ತು.

ಕೂಸು ಮಲಗಿದಾಗ ಹೊಸ್ತಿಲ ಮೇಲಿದ್ದವಳು ಎದ್ದಳು. ಬಂದಳು. ಕೂಸನ್ನು ಮೂಸಿದಳು, ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಆ ಮುಂಗಾಲನ್ನೇ ನನ್ನ ಮೊಳಕಾಲ ಮೇಲೆ ಇಟ್ಟು, ಕೂಸಿನ ಕಾಲನ್ನು ಮೆಲ್ಲಗೆ ಆಚೆ ದೂಡಿದಳು. ಸೀರೆಯ ಮೇಲಿಂದ ಹೊಸ ಉಗುರಿನ ತುದಿ ಚುಚ್ಚಿತು. ಅಕ್ಕಿ ಕಾಳಿನಷ್ಟು ಬಂದಿದೆ.

ಹೊಟ್ಟೆಕಿಚ್ಚು, ಮತ್ತೇನು. ಮೈತುಂಬ ಹೊಟ್ಟೆಕಿಚ್ಚು ಈ ಶಹಜಾದಿಗೆ. ಕೂಸನ್ನು ಒಂದು ತೊಡೆಗೆ ಸರಿಸಿ ಜಾಗ ಮಾಡಿದೆ.